ಪದ ಪರಿಚಯ: ಆಕ್ಸಲ್ ಅನುಪಾತ, ಅಥವಾ ಆ 3.73 ಏನು?

ಹಳೆಯ ಅಮೆರಿಕನ್ ಮಸಲ್ ಕಾರೊಂದರ, ಅಂದರೆ ಸಾಧಾರಣ ಮೈಯೊಳಗೆ ಬಲವಾದ ದೊಡ್ಡ ಎಂಜಿನ್ ಕೂರಿಸಿದ ಕಾರಿನ, ಮಾರಾಟದ ಜಾಹೀರಾತು ಓದಿ ನೋಡಿ. ವರ್ಷ, ಬಣ್ಣ, ಎಂಜಿನ್ನಿನ ಗಾತ್ರ ಎಲ್ಲ ಆದ ಮೇಲೆ ಮೂಲೆಯಲ್ಲೊಂದು ಸಂಖ್ಯೆ ಇರುತ್ತದೆ: 3.08, 3.55, 3.73, 4.11. ಅದರ ಹಿಂದೆ ಲೀಟರ್, ಇಂಚು, ಕಿಲೋ ಎಂಬ ಯಾವ ಬಾಲವೂ ಇರುವುದಿಲ್ಲ. ಬಲ್ಲವರು ಮಾತ್ರ ಅದನ್ನು ಕಂಡ ಕೂಡಲೇ ಈ ಕಾರು ಸಿಗ್ನಲ್ಲಿನಿಂದ ಜಿಗಿಯುತ್ತದೋ, ಹೆದ್ದಾರಿಯಲ್ಲಿ ನೆಮ್ಮದಿಯಾಗಿ ಓಡುತ್ತದೋ ಹೇಳಿಬಿಡುತ್ತಾರೆ. ಆಕ್ಸಲ್ ಅನುಪಾತ ಎಂದರೆ ಈ ಸಂಖ್ಯೆ.

ಎಂಜಿನ್ನಿನ ತಿರುಗುವಿಕೆ ಗೇರ್‌ಬಾಕ್ಸ್ ದಾಟಿ, ಕಾರಿನ ಹೊಟ್ಟೆಯಡಿಯ ಪ್ರೊಪೆಲ್ಲರ್ ಶಾಫ್ಟ್ ಮೂಲಕ ಹಿಂದಿನ ಆಕ್ಸಲ್ ತಲುಪುತ್ತದೆ. ಅಲ್ಲಿ ಅದು ಅಡ್ಡಕ್ಕೆ ಹೊರಳಿ ಎಡಬಲದ ಚಕ್ರಗಳಿಗೆ ಹೋಗಬೇಕು. ಆ ಹೊರಳುವ ಜಾಗದಲ್ಲಿ ಎರಡು ಗೇರುಗಳಿವೆ. ಶಾಫ್ಟಿನ ತುದಿಯ ಪುಟ್ಟ ಗೇರು ಪಿನಿಯನ್. ಅದು ಕಚ್ಚಿಕೊಂಡು ತಿರುಗಿಸುವ ದೊಡ್ಡ ಬಳೆಯಂಥ ಗೇರಿಗೆ ಅಮೆರಿಕನ್ನರು ರಿಂಗ್ ಗೇರ್ ಎನ್ನುತ್ತಾರೆ, ನಮ್ಮ ಲಾರಿ ಮೆಕ್ಯಾನಿಕರು ಕ್ರೌನ್ ಎನ್ನುತ್ತಾರೆ. ನಾನು ಕ್ರೌನ್ ಎಂದೇ ಬರೆಯುತ್ತೇನೆ. ಕ್ರೌನಿನ ಹಲ್ಲುಗಳ ಸಂಖ್ಯೆಯನ್ನು ಪಿನಿಯನ್ನಿನ ಹಲ್ಲುಗಳಿಂದ ಭಾಗಿಸಿದರೆ ಬರುವುದೇ ಆಕ್ಸಲ್ ಅನುಪಾತ. ಕ್ರೌನಿಗೆ 41 ಹಲ್ಲು, ಪಿನಿಯನ್ನಿಗೆ 11 ಹಲ್ಲು ಇದ್ದರೆ 3.727, ಅಂದರೆ 3.73. ಚಕ್ರ ಒಂದು ಸುತ್ತು ಬರಲು ಪ್ರೊಪೆಲ್ಲರ್ ಶಾಫ್ಟ್ 3.73 ಸುತ್ತು ತಿರುಗಬೇಕು ಎಂಬುದು ಇದರ ಅರ್ಥ.

ಅಚ್ಚುಕಟ್ಟಾಗಿ 3.75 ಎಂದು ಮಾಡಬಹುದಿತ್ತಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ಕಾರಣ ಸ್ವಾರಸ್ಯದ್ದು. 41ಕ್ಕೂ 11ಕ್ಕೂ ಒಂದನ್ನು ಬಿಟ್ಟರೆ ಸಾಮಾನ್ಯ ಅಪವರ್ತನವೇ ಇಲ್ಲ. ಹಾಗಾಗಿ ಪಿನಿಯನ್ನಿನ ಒಂದೊಂದು ಹಲ್ಲೂ ಸರದಿಯ ಮೇಲೆ ಕ್ರೌನಿನ ನಲವತ್ತೊಂದು ಹಲ್ಲುಗಳನ್ನೂ ಮುಟ್ಟಿ ಬರುತ್ತದೆ, ಸವೆತ ಎಲ್ಲಕ್ಕೂ ಸಮನಾಗಿ ಹಂಚಿಹೋಗುತ್ತದೆ. ಫೋರ್ಡ್ ಒಂಬತ್ತಿಂಚಿನ ಆಕ್ಸಲ್ಲಿನ 3.00 ಅನುಪಾತ ಇದಕ್ಕೆ ಉಲ್ಟಾ. ಅದರಲ್ಲಿ 39 ಮತ್ತು 13 ಹಲ್ಲು. ಪಿನಿಯನ್ನಿನ ಒಂದು ಹಲ್ಲಿಗೆ ಜೀವಮಾನವಿಡೀ ಸಿಗುವುದು ಕ್ರೌನಿನ ಅದೇ ಮೂರು ಹಲ್ಲುಗಳು. ಇಂಥ ಜೋಡಿಯನ್ನು ಬಿಚ್ಚಿ ಮತ್ತೆ ಕೂಡಿಸುವಾಗ ಕಾರ್ಖಾನೆ ಹಾಕಿದ ಗುರುತುಗಳನ್ನು ಹೊಂದಿಸಿಯೇ ಕೂಡಿಸಬೇಕು. ಇಲ್ಲವಾದರೆ ಹಳೆಯ ಹಲ್ಲು ಹೊಸ ಜೊತೆಗಾರನೊಡನೆ ಹೊಂದಿಕೊಳ್ಳಲಾರದೆ ಗೊಣಗಲು ಶುರುಮಾಡುತ್ತದೆ.

ಈಗ ಸಂಖ್ಯೆ ಏರಿದರೆ ಏನಾಗುತ್ತದೆ ನೋಡೋಣ. ಶೆವ್ರೊಲೆಯ ಅಂದಿನ ನಾಲ್ಕು ಗೇರಿನ ಮನ್ಸಿ ಎಂ20 ಗೇರ್‌ಬಾಕ್ಸಿನಲ್ಲಿ ಮೊದಲ ಗೇರಿನ ಅನುಪಾತ 2.52. ಹಿಂದೆ 3.08 ಇದ್ದರೆ ಎಂಜಿನ್ನಿನ ಟಾರ್ಕ್, ಅಂದರೆ ತಿರುಗಿಸುವ ಬಲ, ಚಕ್ರ ಮುಟ್ಟುವ ಹೊತ್ತಿಗೆ 7.76 ಪಟ್ಟಾಗಿರುತ್ತದೆ. 3.73 ಹಾಕಿದರೆ 9.40 ಪಟ್ಟು. ಎಂಜಿನ್ನಿನ ಒಂದು ಬೋಲ್ಟನ್ನೂ ಮುಟ್ಟದೆ ಶೇಕಡ 21ರಷ್ಟು ಹೆಚ್ಚು ತಳ್ಳು. ಕಾರ್ಬ್ಯುರೇಟರ್, ಕ್ಯಾಮ್, ಎಗ್ಸಾಸ್ಟ್ ಎಂದು ಖರ್ಚು ಮಾಡಿದವರು ಇಷ್ಟನ್ನು ಪಡೆಯಲು ಹೆಣಗುತ್ತಾರೆ.

ಆದರೆ ಬಿಟ್ಟಿ ಸಿಕ್ಕಿದ್ದಲ್ಲ ಇದು. ಆ ಕಾಲದ ಗೇರ್‌ಬಾಕ್ಸುಗಳಲ್ಲಿ ಕೊನೆಯ ಗೇರು ಸಾಮಾನ್ಯವಾಗಿ ಒಂದಕ್ಕೆ ಒಂದು. ಹೆದ್ದಾರಿಗೆ ಬಿದ್ದ ಮೇಲೆ ಎಂಜಿನ್ನಿಗೂ ಚಕ್ರಕ್ಕೂ ನಡುವೆ ಉಳಿಯುವುದು ಆಕ್ಸಲ್ ಅನುಪಾತ ಮಾತ್ರ. 26 ಇಂಚು ಎತ್ತರದ ಟೈರು ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ನಿಮಿಷಕ್ಕೆ ಸುಮಾರು 803 ಸುತ್ತು ಹಾಕುತ್ತದೆ. ಅದನ್ನು ಗುಣಿಸುತ್ತಾ ಹೋಗಿ: 3.08ಕ್ಕೆ ಎಂಜಿನ್ ಸುಮಾರು 2,470 ಸುತ್ತು, 3.73ಕ್ಕೆ 3,000, 4.11ಕ್ಕೆ 3,300. ಕೊನೆಯದು ಕಿವಿಗೆ ಮೊದಲ ಹತ್ತು ನಿಮಿಷ ಸಂಗೀತ, ಎರಡನೆಯ ಗಂಟೆಗೆ ತಲೆನೋವು. ಪೆಟ್ರೋಲಿನ ಮಾತು ಬೇಡ.

ಇಲ್ಲೊಂದು ಪದಗಳ ಗೊಂದಲವಿದೆ. ಸಂಖ್ಯೆ ದೊಡ್ಡದಾದ 4.11ನ್ನು ಅಮೆರಿಕನ್ನರು ‘ಲೋ’ ಗೇರ್ ಎನ್ನುತ್ತಾರೆ, ಚಿಕ್ಕದಾದ 2.73ನ್ನು ‘ಹೈ’ ಎನ್ನುತ್ತಾರೆ. ಗೇರ್‌ಬಾಕ್ಸಿನ ಮೊದಲ ಗೇರನ್ನು ಲೋ ಎಂದು ಕರೆಯುವ ರೂಢಿಯೇ ಇಲ್ಲಿಗೂ ಬಂದಿದೆ. ‘ಹೆಚ್ಚಿನ ಗೇರ್ ಹಾಕಿಸಿದೆ’ ಎಂದು ಯಾರಾದರೂ ಹೇಳಿದರೆ, ಯಾವ ಕಡೆಗೆ ಹೆಚ್ಚು ಎಂದು ಒಮ್ಮೆ ಕೇಳುವುದು ಲೇಸು.

ಯಾವ ಸಂಖ್ಯೆ ಒಳ್ಳೆಯದು ಎಂಬುದನ್ನು ನಿರ್ಧರಿಸುವುದು ಎಂಜಿನ್ನಿನ ಸ್ವಭಾವ. 1969ರ ಕಮಾರೋ ಝಡ್/28ಕ್ಕೆ 3.73 ಕಾರ್ಖಾನೆಯಲ್ಲೇ ಬರುತ್ತಿತ್ತು. ಅದರ ಎಂಜಿನ್ 302 ಘನ ಇಂಚಿನದು, ಟ್ರಾನ್ಸ್-ಆಮ್ ರೇಸಿನ ಐದು ಲೀಟರ್ ಮಿತಿಯೊಳಗೆ ತೂರಿಸಲೆಂದು ಮಾಡಿದ್ದು. ಕೆಳಗಿನ ಸುತ್ತುಗಳಲ್ಲಿ ಅದಕ್ಕೆ ಕಸುವು ಕಡಿಮೆ, ಮೇಲೆ ಹೋದಷ್ಟೂ ಹುರುಪು. ಅಂಥದ್ದಕ್ಕೆ ದೊಡ್ಡ ಸಂಖ್ಯೆ ಬೇಕೇ ಬೇಕು. ಅದೇ 455 ಘನ ಇಂಚಿನ ದೈತ್ಯ ಪಾಂಟಿಯಾಕ್ ಎಂಜಿನ್ನಿಗೆ 3.08 ಇದ್ದರೂ ಟೈರು ಸುಡಬಲ್ಲ ಶಕ್ತಿ ತಳದಲ್ಲೇ ಇದೆ.

ಫೋರ್ಡ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. 1969 ಮತ್ತು 1970ರ ಮಸ್ಟಾಂಗ್‌ಗಳಲ್ಲಿ 428 ಕೋಬ್ರಾ ಜೆಟ್ ಎಂಜಿನ್ ಆಯ್ದುಕೊಂಡು, ಆಕ್ಸಲ್ ಅನುಪಾತ 3.91 ಅಥವಾ 4.30 ಎಂದು ಬರೆಸಿದರೆ ಅದಕ್ಕೆ ಡ್ರ್ಯಾಗ್ ಪ್ಯಾಕ್ ಎಂದು ಹೆಸರು. ಆಗ ಎಂಜಿನ್ನೇ ಬದಲಾಗುತ್ತಿತ್ತು. ಗಟ್ಟಿಯಾದ ಕನೆಕ್ಟಿಂಗ್ ರಾಡುಗಳು ಬರುತ್ತಿದ್ದವು, ಮುಂದೆ ಆಯಿಲ್ ಕೂಲರ್ ಕೂರುತ್ತಿತ್ತು, ಹೆಸರು ಸೂಪರ್ ಕೋಬ್ರಾ ಜೆಟ್ ಆಗುತ್ತಿತ್ತು. ಇಷ್ಟು ದೊಡ್ಡ ಸಂಖ್ಯೆ ಕೇಳುವವನು ಕಾರನ್ನು ಸಂತೆಗೆ ಒಯ್ಯುವುದಿಲ್ಲ, ಕಾಲು ಮೈಲಿಯ ಓಟಕ್ಕೇ ಒಯ್ಯುತ್ತಾನೆ ಎಂದು ಕಂಪನಿಗೆ ಗೊತ್ತಿತ್ತು.

ಆಕ್ಸಲ್ ‘ಅಪ್‌ಗ್ರೇಡ್’ ಎಂದು ಒಂದೇ ಉಸಿರಿನಲ್ಲಿ ಹೇಳುವ ಮಾತಿನಲ್ಲಿ ನಿಜಕ್ಕೂ ಮೂರು ಬೇರೆ ಬೇರೆ ಕೆಲಸಗಳು ಅಡಗಿವೆ. ಅನುಪಾತ ಒಂದು. ಎರಡನೆಯದು ಡಿಫರೆನ್ಷಿಯಲ್, ಅಂದರೆ ತಿರುವಿನಲ್ಲಿ ಹೊರಚಕ್ರ ಒಳಚಕ್ರಕ್ಕಿಂತ ವೇಗವಾಗಿ ಉರುಳಲು ಬಿಡುವ ಏರ್ಪಾಟು. ಸಾದಾ ಡಿಫರೆನ್ಷಿಯಲ್ಲಿನಲ್ಲಿ ಒಂದು ಚಕ್ರ ಜಾರಿದರೆ ಅದೇ ಗಿರ್ರನೆ ಸುತ್ತುತ್ತದೆ, ಇನ್ನೊಂದು ಸುಮ್ಮನೆ ನಿಂತಿರುತ್ತದೆ. ರಸ್ತೆಯ ಮೇಲೆ ಒಂದೇ ಕಪ್ಪು ಗೆರೆ ಬಿಟ್ಟು ಹೋದ ಕಾರು ಇಂಥದ್ದು. ಎರಡೂ ಚಕ್ರ ದುಡಿಯುವಂತೆ ಒಳಗೆ ಕ್ಲಚ್ ತಟ್ಟೆಗಳನ್ನೋ ಕೋನ್‌ಗಳನ್ನೋ ಇಟ್ಟು ಬಿಗಿಹಿಡಿದದ್ದು ಲಿಮಿಟೆಡ್ ಸ್ಲಿಪ್. ವಸ್ತು ಒಂದೇ ಆದರೂ ಶೆವ್ರೊಲೆ ಅದನ್ನು ಪಾಸಿಟ್ರ್ಯಾಕ್ಷನ್ ಎಂದಿತು, ಪಾಂಟಿಯಾಕ್ ಸೇಫ್-ಟಿ-ಟ್ರ್ಯಾಕ್ ಎಂದಿತು, ಕ್ರೈಸ್ಲರ್ ಶೂರ್ ಗ್ರಿಪ್ ಎಂದಿತು, ಫೋರ್ಡ್ ಟ್ರ್ಯಾಕ್ಷನ್-ಲಾಕ್ ಎಂದಿತು. ಈಗ ಯಾವ ಕಂಪನಿಯ ಕಾರಾದರೂ ಜನ ‘ಪಾಸಿ’ ಎಂದೇ ಕರೆಯುತ್ತಾರೆ. ದೊಡ್ಡ ಅನುಪಾತ ಹಾಕಿಸಿ ಸಾದಾ ಡಿಫರೆನ್ಷಿಯಲ್ ಉಳಿಸಿಕೊಂಡರೆ ಹೊಸದಾಗಿ ಸಿಕ್ಕ ತಳ್ಳು ಒಂದೇ ಟೈರಿನಿಂದ ಹೊಗೆಯಾಗಿ ಹೋಗುತ್ತದೆ. ಎರಡರಲ್ಲಿ ಒಂದಕ್ಕೇ ದುಡ್ಡಿದೆ ಎನ್ನುವವರು ಮೊದಲು ಲಿಮಿಟೆಡ್ ಸ್ಲಿಪ್ ಹಾಕಿಸಲಿ ಎಂಬುದು ನನ್ನ ಅಭಿಪ್ರಾಯ.

ಮೂರನೆಯದು ಗಟ್ಟಿತನ. ಜನರಲ್ ಮೋಟರ್ಸಿನ ಆಕ್ಸಲ್ಲುಗಳನ್ನು ಹಿಂದಿನ ಮುಚ್ಚಳದ ಬೋಲ್ಟು ಎಣಿಸಿಯೇ ಕರೆಯುತ್ತಾರೆ: ಟೆನ್ ಬೋಲ್ಟ್, ಟ್ವೆಲ್ವ್ ಬೋಲ್ಟ್. ಶೆವ್ರೊಲೆ ಕಾರುಗಳಲ್ಲಿ 1965ರಿಂದ 1972ರವರೆಗೆ ಬಂದ ಟ್ವೆಲ್ವ್ ಬೋಲ್ಟಿನ ಕ್ರೌನ್ 8.875 ಇಂಚು ಅಗಲ. ಅದರದ್ದೊಂದು ಕೊರತೆ: ಆಕ್ಸಲ್ ಶಾಫ್ಟನ್ನು ಒಳತುದಿಯಲ್ಲಿ ಸಿ ಆಕಾರದ ಒಂದು ಕ್ಲಿಪ್ ಹಿಡಿದಿರುತ್ತದೆ. ಶಾಫ್ಟ್ ಮುರಿದರೆ ಚಕ್ರದ ಸಮೇತ ಹೊರಗೆ ಜಾರಬಹುದು. 1957ರಲ್ಲಿ ಬಂದ ಫೋರ್ಡ್ ಒಂಬತ್ತಿಂಚಿನ ಆಕ್ಸಲ್ಲಿನಲ್ಲಿ ಹಿಡಿತ ಹೊರತುದಿಯಲ್ಲಿದೆ. ಮೇಲಾಗಿ ಗೇರುಗಳ ಇಡೀ ಗಡ್ಡೆಯನ್ನು ಮುಂದಿನಿಂದ ಬಿಚ್ಚಿ ಮೇಜಿನ ಮೇಲಿಟ್ಟುಕೊಂಡು ಕೆಲಸ ಮಾಡಬಹುದು. ವಾರದ ದಿನಕ್ಕೆ ಒಂದು ಗಡ್ಡೆ, ಭಾನುವಾರದ ಓಟಕ್ಕೆ ಇನ್ನೊಂದು ಎಂದು ಇಟ್ಟುಕೊಳ್ಳುವವರು ಇದ್ದಾರೆ. ಶೆವ್ರೊಲೆ ಭಕ್ತರೂ ತಮ್ಮ ಕಾರಿಗೆ ಫೋರ್ಡಿನ ಆಕ್ಸಲ್ ಹಾಕಿಸಿಕೊಳ್ಳುವುದು ಇದಕ್ಕೇ. ಕ್ರೈಸ್ಲರಿನ 426 ಹೆಮಿ ಕಾರುಗಳಿಗೆ ಬರುತ್ತಿದ್ದ ಡೇನಾ 60 ಇವೆಲ್ಲಕ್ಕೂ ಅಣ್ಣ. ಕ್ರೌನ್ 9.75 ಇಂಚು. ಬಲಕ್ಕೆ ತಕ್ಕ ಭಾರ.

ತಮ್ಮ ಕಾರಿನಲ್ಲಿ ಈಗ ಏನಿದೆ ಎಂದು ತಿಳಿಯದೆ ಬದಲಾವಣೆಗೆ ಹೊರಡುವವರೇ ಹೆಚ್ಚು. ಫೋರ್ಡ್ ಆಕ್ಸಲ್ಲಿನ ಬೋಲ್ಟಿಗೆ ಸಿಕ್ಕಿಸಿದ ಪುಟ್ಟ ಲೋಹದ ಚೀಟಿಯಲ್ಲಿ ‘3ಎಲ್50’ ಎಂದಿದ್ದರೆ ಅನುಪಾತ 3.50, ನಡುವಿನ ಎಲ್ ಅಕ್ಷರ ಲಿಮಿಟೆಡ್ ಸ್ಲಿಪ್ಪಿನ ಗುರುತು. ಆದರೆ ಐವತ್ತು ವರ್ಷ ದಾಟಿದ ಕಾರಿನಲ್ಲಿ ಚೀಟಿ ಹೇಳಿದ್ದೇ ಒಳಗಿದೆ ಎಂದು ನಂಬುವಂತಿಲ್ಲ. ಕೈಯಿಂದಲೇ ಎಣಿಸುವುದು ಮೇಲು. ಕಾರನ್ನು ನ್ಯೂಟ್ರಲ್ಲಿಗೆ ಹಾಕಿ, ಮುಂದಿನ ಚಕ್ರಗಳಿಗೆ ಅಡ್ಡ ಕೊಟ್ಟು, ಹಿಂದಿನ ಎರಡೂ ಚಕ್ರಗಳನ್ನು ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಒಂದನ್ನು ತಿರುಗಿಸಿ. ಇನ್ನೊಂದು ಅದೇ ದಿಕ್ಕಿಗೆ ತಿರುಗಿದರೆ ಪಾಸಿ, ವಿರುದ್ಧ ದಿಕ್ಕಿಗೆ ತಿರುಗಿದರೆ ಸಾದಾ. ಸಾದಾ ಆಗಿದ್ದರೆ ಒಂದು ಚಕ್ರವನ್ನು ನೆಲಕ್ಕೆ ಇಳಿಸಿ ಅಲುಗದಂತೆ ಮಾಡಿ, ಟೈರಿಗೂ ಪ್ರೊಪೆಲ್ಲರ್ ಶಾಫ್ಟಿಗೂ ಸೀಮೆಸುಣ್ಣದ ಗುರುತು ಹಾಕಿ, ಎತ್ತಿದ ಚಕ್ರವನ್ನು 20 ಸುತ್ತು ತಿರುಗಿಸಿ. ಶಾಫ್ಟ್ 35 ಸುತ್ತು ದಾಟಿ ಅರ್ಧಕ್ಕೆ ನಿಂತರೆ 3.55, 37 ದಾಟಿ ಸ್ವಲ್ಪ ಮುಂದೆ ನಿಂತರೆ 3.73. ಪಾಸಿ ಆಗಿದ್ದರೆ ಎರಡೂ ಚಕ್ರ ಎತ್ತಿಟ್ಟೇ ಹತ್ತು ಸುತ್ತು ಸಾಕು. ಸಾದಾದಲ್ಲಿ ಒಂದೇ ಚಕ್ರ ತಿರುಗುವಾಗ ಕ್ರೌನ್ ಅರ್ಧ ಮಾತ್ರ ತಿರುಗುತ್ತದೆ, ಅದಕ್ಕೇ ಹತ್ತರ ಬದಲು ಇಪ್ಪತ್ತು. ಎಣಿಸಲು ಕಾರಿನ ಕೆಳಗೆ ಇನ್ನೊಬ್ಬರಿರಲಿ.

ಗೇರ್ ಬದಲಿಸುವ ಕೆಲಸ ನೋಡಲು ಸರಳ, ಮಾಡಲು ಅಲ್ಲ. ಕ್ರೌನ್ ಮತ್ತು ಪಿನಿಯನ್ ಒಂದರೊಡನೆ ಒಂದು ಉಜ್ಜಿ ಹದಗೊಳಿಸಿದ ಜೋಡಿ, ಬಿಡಿಬಿಡಿಯಾಗಿ ಕೊಳ್ಳುವಂತಿಲ್ಲ. ಪಿನಿಯನ್ ಎಷ್ಟು ಆಳಕ್ಕೆ ಕೂರಬೇಕು ಎಂಬುದನ್ನು ಕಾಗದದಷ್ಟು ತೆಳುವಾದ ಷಿಮ್ ತಗಡುಗಳು ನಿರ್ಧರಿಸುತ್ತವೆ. ಕೂಡಿಸಿದ ಮೇಲೆ ಕ್ರೌನಿನ ನಾಲ್ಕೈದು ಹಲ್ಲುಗಳಿಗೆ ಹಳದಿ ಲೇಪ ಹಚ್ಚುತ್ತಾರೆ, ಹೊಸ್ತಿಲಿಗೆ ಅರಿಸಿನ ಬಳಿದಂತೆ. ಕೈಯಿಂದ ಹಿಂದಕ್ಕೂ ಮುಂದಕ್ಕೂ ತಿರುಗಿಸಿದಾಗ ಪಿನಿಯನ್ ಮುಟ್ಟಿದ ಕಡೆ ಲೇಪ ಅಳಿಸಿ ಲೋಹ ಮಿನುಗುತ್ತದೆ. ಆ ಗುರುತು ಹಲ್ಲಿನ ಎತ್ತರದ ನಡುವೆ ಮೊಟ್ಟೆಯಾಕಾರದಲ್ಲಿ ಬಿದ್ದರೆ ಸರಿ. ಬುಡಕ್ಕೆ ಇಳಿದಿದ್ದರೆ ಪಿನಿಯನ್ ಹೆಚ್ಚು ಒಳಗೆ ಹೋಗಿದೆ, ತುದಿಗೆ ಏರಿದ್ದರೆ ಹೊರಗೇ ಉಳಿದಿದೆ. ಮತ್ತೆ ಬಿಚ್ಚು, ಷಿಮ್ ಬದಲಿಸು, ಲೇಪ ಹಚ್ಚು. ಹಲ್ಲುಗಳ ನಡುವಿನ ಸಡಿಲವೂ ಸಾಮಾನ್ಯವಾಗಿ 0.15ರಿಂದ 0.25 ಮಿಲಿಮೀಟರಿನೊಳಗೆ ಬರಬೇಕು, ಎರಡು ಮೂರು ತಲೆಗೂದಲು ಒತ್ತಾಗಿಟ್ಟಷ್ಟು. ಇಲ್ಲಿ ಅವಸರ ಮಾಡಿದವರ ಕಾರು ಮುಂದೆ ಊರಿಗೆಲ್ಲ ಕೇಳುವಂತೆ ಊಳಿಡುತ್ತದೆ.

ಇನ್ನೊಂದು ಹೊಂಡ: ಟ್ವೆಲ್ವ್ ಬೋಲ್ಟಿನಲ್ಲಿ ಕ್ರೌನ್ ಕೂರುವ ಕ್ಯಾರಿಯರ್ 3.08ರಿಂದ 3.73ರವರೆಗೆ ಒಂದು ಬಗೆ, 4.10ರಿಂದ ಮೇಲಕ್ಕೆ ಇನ್ನೊಂದು ಬಗೆ. ಗೇರು ಕೊಂಡು ತಂದ ಮೇಲೆ ಇದು ಗೊತ್ತಾದರೆ ಖರ್ಚು ದುಪ್ಪಟ್ಟು. ಎಣ್ಣೆಯ ವಿಷಯ ಚಿಕ್ಕದು. ಈ ಗೇರುಗಳಲ್ಲಿ ಪಿನಿಯನ್ ಕ್ರೌನಿನ ಮಧ್ಯರೇಖೆಗಿಂತ ಕೆಳಗಿರುವುದರಿಂದ ಹಲ್ಲುಗಳು ಉರುಳುವುದರ ಜೊತೆಗೆ ಜಾರುತ್ತವೆ ಕೂಡ. ಅದಕ್ಕೆ ಜಿಎಲ್-5 ದರ್ಜೆಯ ಎಣ್ಣೆ ಬೇಕು. ಕ್ಲಚ್ ತಟ್ಟೆಯ ಪಾಸಿ ಇದ್ದರೆ ಅದರದ್ದೇ ಬೆರಕೆ ದ್ರವವನ್ನೂ ಸೇರಿಸಬೇಕು. ಹೊಸ ಗೇರು ಹಾಕಿದ ಮೊದಲ ದಿನ ಇಪ್ಪತ್ತು ಮೂವತ್ತು ಕಿಲೋಮೀಟರ್ ಮೆತ್ತಗೆ ಓಡಿಸಿ ಪೂರ್ತಿ ಆರಲು ಬಿಡುತ್ತಾರೆ, ಮತ್ತೆ ಓಡಿಸುತ್ತಾರೆ, 800 ಕಿಲೋಮೀಟರಿನ ಹೊತ್ತಿಗೆ ಎಣ್ಣೆ ಬದಲಿಸುತ್ತಾರೆ.

ಈ ಲೆಕ್ಕ ನಮಗೆ ಹೊಸದೇನಲ್ಲ. ಮಹೀಂದ್ರ ಕಂಪನಿ ತಯಾರಿಸುತ್ತಿದ್ದ ಹಳೆಯ ವಿಲ್ಲಿಸ್ ಸಿಜೆ-3ಬಿ ಜೀಪಿನಲ್ಲಿ ಪಿನಿಯನ್ನಿಗೆ 8 ಹಲ್ಲು, ಕ್ರೌನಿಗೆ 43, ಅನುಪಾತ 5.38. ಮಲೆನಾಡಿನ ತೋಟದ ಏರಿನಲ್ಲಿ ಅಂಥ ಜೀಪು ಮೂಟೆ ಹೊತ್ತು ನಿಧಾನಕ್ಕೆ ಹತ್ತುತ್ತದೆ, ಹೆದ್ದಾರಿಯಲ್ಲಿ ಎಂಬತ್ತು ದಾಟಿಸಿದರೆ ಅರಚುತ್ತದೆ. ಕಾರಣ ಈ ಒಂದೇ ಸಂಖ್ಯೆ.

ಬೀದಿಯಲ್ಲಿ ಓಡಿಸುವ ಮಸಲ್ ಕಾರಿಗೆ, ಹಳೆಯ ಗೇರ್‌ಬಾಕ್ಸೇ ಇರುವುದಾದರೆ, 3.55ರ ಆಚೆಗೆ ಹೋಗಬೇಡಿ ಎನ್ನುತ್ತೇನೆ. 4.11 ಹಾಕಿಸಿದ ಕಾರು ಒಂದು ಬೇಸಗೆಯ ನಂತರ ಶೆಡ್ಡಿನಲ್ಲೇ ನಿಲ್ಲುತ್ತದೆ. ಓವರ್‌ಡ್ರೈವ್, ಅಂದರೆ ಒಂದಕ್ಕಿಂತ ಕಡಿಮೆ ಅನುಪಾತದ ಕೊನೆಯ ಗೇರು, ಇರುವ ಗೇರ್‌ಬಾಕ್ಸ್ ಕೂಡಿಸಿದರೆ ಮಾತು ಬೇರೆ. ಜನರಲ್ ಮೋಟರ್ಸಿನ 700ಆರ್4ರ ಕೊನೆಯ ಗೇರು 0.70. ಹಿಂದೆ 3.73 ಇದ್ದರೂ ನೂರರ ವೇಗದಲ್ಲಿ ಎಂಜಿನ್ ಸುಮಾರು 2,100 ಸುತ್ತಿನಲ್ಲಿ ಆರಾಮವಾಗಿರುತ್ತದೆ. ಬಿಚ್ಚಿದ ಮೂಲ ಆಕ್ಸಲ್ಲನ್ನು ಗುಜರಿಗೆ ಮಾತ್ರ ಹಾಕಬೇಡಿ. ಮುಂದೊಂದು ದಿನ ಕಾರು ಮಾರುವಾಗ ಹುಟ್ಟಿನಿಂದ ಬಂದ ಭಾಗ ಜೊತೆಗಿದ್ದರೆ ಬೆಲೆ ಬೇರೆ.

ಎಲ್ಲ ಮುಗಿಸಿ ರಸ್ತೆಗಿಳಿದ ಮೇಲೆ ಕಾರು ಎಂದಿಲ್ಲದ ವೇಗ ತೋರಿಸಿದರೆ ಹಿಗ್ಗಬೇಡಿ. ಈ ಕಾರುಗಳ ಸ್ಪೀಡೋಮೀಟರಿನ ಕೇಬಲ್ ಗೇರ್‌ಬಾಕ್ಸಿನ ಬಾಲದಿಂದ ಹೊರಡುತ್ತದೆ, ಚಕ್ರದಿಂದಲ್ಲ. 3.00 ತೆಗೆದು 3.73 ಹಾಕಿದರೆ ನಿಜವಾದ 60 ಮೈಲಿ ವೇಗಕ್ಕೆ ಮುಳ್ಳು 75ರ ಹತ್ತಿರ ನಿಲ್ಲುತ್ತದೆ, ಓಡಿದ ಮೈಲಿಗಳ ಲೆಕ್ಕವೂ ಅದೇ ಪ್ರಮಾಣದಲ್ಲಿ ಉಬ್ಬುತ್ತದೆ. ಕೇಬಲ್ಲಿನ ಬುಡದಲ್ಲಿರುವ ಬೆರಳುದ್ದದ ಪ್ಲಾಸ್ಟಿಕ್ ಗೇರನ್ನು ಹೆಚ್ಚು ಹಲ್ಲಿನ ಇನ್ನೊಂದಕ್ಕೆ ಬದಲಿಸಿದರೆ ಮುಳ್ಳು ಮತ್ತೆ ನಿಜ ಹೇಳುತ್ತದೆ.