ಪಾಡ್‌ಗಳನ್ನು ಹೆಚ್ಚಿಸಿದರೂ ಹೊರೆ ಏಕೆ ಹಂಚಿಕೆಯಾಗುವುದಿಲ್ಲ?

ಪ್ರಶ್ನೆ: ನಮ್ಮ ಕ್ಯೂಬರ್ನೆಟಿಸ್ (ಹಲವು ಯಂತ್ರಗಳ ಮೇಲೆ ಸಾಫ್ಟ್‌ವೇರ್ ನಡೆಸುವ ವ್ಯವಸ್ಥೆ) ಕ್ಲಸ್ಟರ್‌ನಲ್ಲಿ ಜಿಆರ್‌ಪಿಸಿ (ಪ್ರೋಗ್ರಾಂಗಳು ನೆಟ್‌ವರ್ಕ್ ಮೂಲಕ ಒಂದನ್ನೊಂದು ಕರೆಯುವ ವಿಧಾನ) ಸೇವೆಯೊಂದು ಮೂರು ಪಾಡ್‌ಗಳಲ್ಲಿ, ಅಂದರೆ ಮೂರು ಪ್ರತಿಗಳಾಗಿ, ನಡೆಯುತ್ತಿತ್ತು. ದಟ್ಟಣೆ ಹೆಚ್ಚಿದ್ದರಿಂದ ಅವನ್ನು ಆರಕ್ಕೆ ಏರಿಸಿದೆವು. ಆದರೂ ಹಳೆಯ ಮೂರೇ ಏದುಸಿರು ಬಿಡುತ್ತಿವೆ, ಹೊಸ ಮೂರಕ್ಕೆ ಕೆಲಸವೇ ಇಲ್ಲ. ಹೊರೆ ಹಂಚುವ ಲೋಡ್ ಬ್ಯಾಲೆನ್ಸರ್ ಕೆಟ್ಟಿದೆಯೇ?

ಉತ್ತರ: ಕೆಟ್ಟಿಲ್ಲ. ಅದು ಹಂಚುವುದು ಕನೆಕ್ಷನ್‌ಗಳನ್ನು. ನೀವು ನಿರೀಕ್ಷಿಸುತ್ತಿರುವುದು ಅವುಗಳ ಮೇಲೆ ಸಾಗುವ ರಿಕ್ವೆಸ್ಟ್‌ಗಳ, ಅಂದರೆ ಒಂದೊಂದು ಕರೆಯ, ಹಂಚಿಕೆಯನ್ನು.

ಪಾಡ್‌ಗಳ ಗುಂಪಿಗೆ ಒಂದೇ ವಿಳಾಸ ಕೊಡುವ ಕ್ಯೂಬರ್ನೆಟಿಸ್‌ನ ಸಾಮಾನ್ಯ ಸರ್ವೀಸ್ ಕೆಲಸ ಮಾಡುವುದು ನೆಟ್‌ವರ್ಕಿನ ನಾಲ್ಕನೆಯ ಪದರದಲ್ಲಿ, ಅಂದರೆ ಟಿಸಿಪಿ ಮಟ್ಟದಲ್ಲಿ. ಈ ಹಂಚಿಕೆಯನ್ನು ಏರ್ಪಡಿಸುವ ಕ್ಯೂಬ್-ಪ್ರಾಕ್ಸಿ ಐಪಿಟೇಬಲ್ಸ್ (ಲಿನಕ್ಸ್‌ನ ಪ್ಯಾಕೆಟ್ ನಿಯಮಗಳ) ಮೋಡ್‌ನಲ್ಲಿದ್ದರೆ ಅದು ಬರೆದಿಟ್ಟ ನಿಯಮಗಳನ್ನು ನೋಡ್‌ನಲ್ಲಿಯೇ, ಅಂದರೆ ಕ್ಲಸ್ಟರ್‌ನ ಯಂತ್ರದಲ್ಲಿಯೇ, ಓದಬಹುದು: ಮೂರು ಪಾಡ್‌ಗಳಿದ್ದಾಗ ಮೊದಲನೆಯದಕ್ಕೆ ಸುಮಾರು 0.333 ಸಂಭಾವ್ಯತೆ, ಅಲ್ಲಿ ಸಿಗದೆ ಮುಂದೆ ಬಂದದ್ದರಲ್ಲಿ ಎರಡನೆಯದಕ್ಕೆ 0.5, ಮಿಕ್ಕದ್ದೆಲ್ಲ ಮೂರನೆಯದಕ್ಕೆ. ಲೆಕ್ಕ ಹಾಕಿದರೆ ಮೂರಕ್ಕೂ ಸಮಪಾಲೇ. ಆದರೆ ಈ ಆಯ್ಕೆ ನಡೆಯುವುದು ಕನೆಕ್ಷನ್‌ನ ಮೊದಲ ಪ್ಯಾಕೆಟ್‌ಗೆ ಮಾತ್ರ. ಆಮೇಲಿನ ಪ್ಯಾಕೆಟ್‌ಗಳನ್ನೆಲ್ಲ ತೆರೆದ ಕನೆಕ್ಷನ್‌ಗಳ ಲೆಕ್ಕವಿಡುವ ಕರ್ನಲ್‌ನ ಕಾನ್‌ಟ್ರ್ಯಾಕ್ ಕೋಷ್ಟಕವು ಕಣ್ಣುಮುಚ್ಚಿ ಅದೇ ಪಾಡ್‌ಗೆ ಕಳಿಸುತ್ತದೆ. ಅಮೆಜಾನ್‌ನ ಕ್ಲೌಡ್ ಸೇವೆ ಎಡಬ್ಲ್ಯುಎಸ್‌ನ ನೆಟ್‌ವರ್ಕ್ ಲೋಡ್ ಬ್ಯಾಲೆನ್ಸರ್ ಕೂಡ ಒಂದು ಟಿಸಿಪಿ ಕನೆಕ್ಷನ್ ಇರುವಷ್ಟು ಕಾಲ ಅದನ್ನು ಒಂದೇ ಟಾರ್ಗೆಟ್‌ಗೆ ಒಪ್ಪಿಸುತ್ತದೆ.

ಕನೆಕ್ಷನ್‌ಗಳು ಆಗಾಗ ಮುಚ್ಚಿ ತೆರೆಯುತ್ತಿದ್ದರೆ ಇದರಿಂದ ತೊಂದರೆಯೇನೂ ಇಲ್ಲ. ಜಿಆರ್‌ಪಿಸಿ ಹಾಗಲ್ಲ. ಅದರ ಬುನಾದಿ 2015ರಲ್ಲಿ ಪ್ರಮಾಣಿತವಾದ ಎಚ್‌ಟಿಟಿಪಿ/2. ಅಲ್ಲಿ ಒಂದೇ ಕನೆಕ್ಷನ್ ತೆರೆದಿಟ್ಟುಕೊಂಡು ಅದರ ಮೇಲೆಯೇ ಸಾವಿರಾರು ಕರೆಗಳನ್ನು ಸಾಗಿಸಲಾಗುತ್ತದೆ. ನಿಮ್ಮ ಹೊಸ ಪಾಡ್‌ಗಳು ಹುಟ್ಟುವ ಹೊತ್ತಿಗೆ ಕ್ಲೈಂಟ್‌ಗಳೆಲ್ಲ ಹಳೆಯ ಪಾಡ್‌ಗಳೊಂದಿಗೆ ಕನೆಕ್ಷನ್ ಹೂಡಿ ಆಗಿತ್ತು.

ಹೊರೆ ನೋಡಿ ಪಾಡ್‌ಗಳ ಸಂಖ್ಯೆಯನ್ನು ತಾನೇ ಬದಲಿಸುವ ಆಟೋಸ್ಕೇಲರ್ ಇದ್ದರೆ ಪರಿಸ್ಥಿತಿ ಇನ್ನೂ ಹದಗೆಡುತ್ತದೆ, ಇದನ್ನು ಬಹಳ ಮಂದಿ ಗಮನಿಸುವುದಿಲ್ಲ. ಅದು ನೋಡುವುದು ಸರಾಸರಿಯನ್ನು. ಮೂರು ಪಾಡ್‌ಗಳು ಶೇ 90ರಲ್ಲಿ, ಮೂರು ಹೆಚ್ಚುಕಡಿಮೆ ಸೊನ್ನೆಯಲ್ಲಿ ಇದ್ದರೆ ಅದಕ್ಕೆ ಕಾಣುವುದು ಶೇ 45, ಹಾಗಾಗಿ ಹೊರೆ ಹೆಚ್ಚಿದೆಯೆಂದು ಅದಕ್ಕೆ ಅನಿಸುವುದೇ ಇಲ್ಲ.

ಪರಿಹಾರದಲ್ಲಿ ನಾನು ಮೊದಲು ಕೈಹಾಕುವುದು ಸರ್ವರ್‌ನ ಮ್ಯಾಕ್ಸ್ ಕನೆಕ್ಷನ್ ಏಜ್ ಸೆಟ್ಟಿಂಗ್‌ಗೆ. ನಿಗದಿತ ವಯಸ್ಸಾದ ಕನೆಕ್ಷನ್ ಮೇಲೆ ಸರ್ವರ್ ಗೋಅವೇ ಫ್ರೇಮ್ (ಈ ಕನೆಕ್ಷನ್ ಇನ್ನು ಸಾಕು ಎಂಬ ಸೂಚನೆ) ಕಳಿಸುತ್ತದೆ, ಕ್ಲೈಂಟ್ ಹೊಸದಾಗಿ ಕನೆಕ್ಟ್ ಆಗುತ್ತದೆ, ಆಗ ಹೊಸ ಪಾಡ್‌ಗಳಿಗೂ ಪಾಲು ಸಿಗುತ್ತದೆ. ಆದರೆ ಕ್ಲೈಂಟ್‌ಗಳು ನಾಲ್ಕೇ ಇದ್ದು, ಪ್ರತಿಯೊಂದೂ ಒಂದೊಂದೇ ಕನೆಕ್ಷನ್ ಇಟ್ಟುಕೊಂಡಿದ್ದರೆ, ಆರು ಪಾಡ್‌ಗಳಲ್ಲಿ ಎರಡಾದರೂ ಖಾಲಿ ಉಳಿಯಲೇಬೇಕು.

ಅಂಥಲ್ಲಿ ಕ್ಲಸ್ಟರ್ ಐಪಿ (ಗುಂಪಿಗೆಲ್ಲ ಒಂದೇ ಆದ ವಿಳಾಸ) ಇಲ್ಲದ ಹೆಡ್‌ಲೆಸ್ ಸರ್ವೀಸ್ ಮಾಡಿ, ಕ್ಲೈಂಟ್‌ನಲ್ಲಿ ರೌಂಡ್ ರಾಬಿನ್ (ಸರದಿಯಂತೆ ಹಂಚುವ) ನೀತಿಯನ್ನು ಆರಿಸಬೇಕು. ಹೆಸರಿನಿಂದ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಎಲ್ಲ ಪಾಡ್‌ಗಳ ವಿಳಾಸ ಕೊಡುವುದರಿಂದ ಕ್ಲೈಂಟ್ ತಾನೇ ಕರೆಕರೆಗೂ ಪಾಡ್ ಬದಲಿಸುತ್ತದೆ. ಕನೆಕ್ಷನ್‌ಗಳೆಲ್ಲ ಚೆನ್ನಾಗಿರುವಾಗ ಅದು ಡಿಎನ್‌ಎಸ್ ಅನ್ನು ಮತ್ತೆ ವಿಚಾರಿಸಲು ಹೋಗುವುದಿಲ್ಲವಾದ್ದರಿಂದ ಏಜ್ ಸೆಟ್ಟಿಂಗ್ ಇಲ್ಲಿಯೂ ಬೇಕು. ಕ್ಲೈಂಟ್‌ಗಳನ್ನು ಬೇರೆ ಬೇರೆ ತಂಡಗಳು ಬೇರೆ ಬೇರೆ ಭಾಷೆಗಳಲ್ಲಿ ಬರೆದಿದ್ದರೆ ಪ್ರತಿಯೊಂದನ್ನೂ ತಿದ್ದುತ್ತ ಕೂರುವುದಕ್ಕಿಂತ ಎನ್ವಾಯ್ ಅಥವಾ ಲಿಂಕರ್‌ಡಿಯಂಥ ಏಳನೆಯ ಪದರದ (ಅಪ್ಲಿಕೇಶನ್ ಮಟ್ಟದ) ಪ್ರಾಕ್ಸಿ, ಅಂದರೆ ನಡುವೆ ನಿಂತು ಕರೆಗಳನ್ನು ಸಾಗಿಸುವ ಸಾಫ್ಟ್‌ವೇರ್, ಲೇಸು. ಅದು ಪ್ರತಿ ಕರೆಯನ್ನೂ ಬಿಡಿಸಿ ನೋಡಿ ಹಂಚುತ್ತದೆ. ಅದಕ್ಕೆ ತಕ್ಕಷ್ಟು ಸಿಪಿಯು, ಮೆಮೊರಿ ಕೊಡಲು ಸಿದ್ಧರಿರಬೇಕು.

ಏಜ್ ಸೆಟ್ಟಿಂಗ್ ಬದಲಿಸುವಾಗ ಜೊತೆಗಿರುವ ಗ್ರೇಸ್ ಅವಧಿಯನ್ನೂ (ನಡೆಯುತ್ತಿರುವ ಕರೆಗಳು ಮುಗಿಯಲು ಕೊಡುವ ಸಮಯ) ನೋಡಿಕೊಳ್ಳಿ. ಅದನ್ನು ಕಿರಿದಾಗಿಸಿದರೆ ದೀರ್ಘಕಾಲ ನಡೆಯುವ ಸ್ಟ್ರೀಮಿಂಗ್ ಕರೆಗಳು ಅರ್ಧದಲ್ಲೇ ಕಡಿದುಹೋಗುತ್ತವೆ, ಅವನ್ನು ಮತ್ತೆ ಆರಂಭಿಸುವ ಕೋಡ್ ಕ್ಲೈಂಟ್‌ನಲ್ಲಿ ಮೊದಲೇ ಇರಬೇಕಾಗುತ್ತದೆ.