ಸಿಡಿಯದ ಪೆಟ್ಟಿಗೆಯೂ ಕುಸಿಯುತ್ತದೆ

ಪುನರ್ವಸು ಮಳೆ ಹಿಡಿಯಿತೆಂದರೆ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಸಣ್ಣ ಉದ್ಯಮಗಳಲ್ಲಿ ಹಳೇ ತಕರಾರೊಂದು ಮತ್ತೆ ಏಳುತ್ತದೆ. ಅಪ್ಪೆಮಿಡಿ ಉಪ್ಪಿನಕಾಯಿ ಪೊಟ್ಟಣವೋ, ಹಲಸಿನ ಹಪ್ಪಳವೋ, ಅಡಿಕೆ ಹಾಳೆಯ ತಟ್ಟೆಯೋ ತುಂಬಿ ಲಾರಿಗೆ ಹಾಕಿದ ರಟ್ಟಿನ ಪೆಟ್ಟಿಗೆಗಳಲ್ಲಿ ಅಡಿಯ ಸಾಲಿನವು ಮೂಲೆ ಮುರಿದು, ಹೊಟ್ಟೆ ಉಬ್ಬಿಸಿಕೊಂಡು ಬೆಂಗಳೂರು ಮುಟ್ಟುತ್ತವೆ. ಮಾಲು ಕಳಿಸಿದವರು ಬಾಕ್ಸ್ ಕಳಪೆ ಅನ್ನುತ್ತಾರೆ. ಬಾಕ್ಸ್ ಮಾಡಿಕೊಟ್ಟವರದು ಒಂದೇ ಉತ್ತರ: “18 ಬಿಎಫ್ ಪೇಪರೇ ಹಾಕಿದ್ದು, ನೀವು ಒಟ್ಟಿದ್ದು ಸರಿ ಇಲ್ಲ ಮಾರಾಯ್ರೆ.”

ಇಬ್ಬರ ಮಾತಲ್ಲೂ ಸತ್ಯವಿದೆ. ತೊಡಕಿರುವುದು ಬಿಎಫ್ ಎಂಬ ಆ ಅಳತೆಯಲ್ಲೇ. ಪೆಟ್ಟಿಗೆ ಸೋತಿದ್ದು ಮೇಲಿನ ಭಾರಕ್ಕೆ. ಬಿಎಫ್ ಹೇಳುವುದು ಕಾಗದ ಎಷ್ಟು ಒತ್ತಡಕ್ಕೆ ಸಿಡಿಯುತ್ತದೆ ಎಂಬುದನ್ನು. ಈ ಎರಡು ಹೇಗೆ ಒಂದಕ್ಕೊಂದು ಅಂಟಿಕೊಂಡವು ಎಂದು ತಿಳಿಯಲು ನೂರು ವರ್ಷಕ್ಕೂ ಹಿಂದಿನ ಅಮೆರಿಕದ ರೈಲುಗಳವರೆಗೆ ಹೋಗಬೇಕು.

ಅಲೆಅಲೆಯಾಗಿ ಮಡಿಚಿದ ಕಾಗದಕ್ಕೆ ಮೊದಲ ಪೇಟೆಂಟ್ ಸಿಕ್ಕಿದ್ದು 1856ರಲ್ಲಿ, ಇಂಗ್ಲೆಂಡಿನಲ್ಲಿ. ಅದನ್ನು ಬಳಸಿದ್ದು ಎತ್ತರದ ಟೋಪಿಗಳ ಒಳಮೈಗೆ! 1871ರಲ್ಲಿ ನ್ಯೂಯಾರ್ಕಿನ ಆಲ್ಬರ್ಟ್ ಜೋನ್ಸ್ ಅದನ್ನು ಬಾಟಲಿ, ಲಾಂದ್ರದ ಗಾಜುಗಳಿಗೆ ಸುತ್ತುವ ಸಾಮಾನಾಗಿ ಮಾಡಿದ. 1874ರಲ್ಲಿ ಆಲಿವರ್ ಲಾಂಗ್ ಅಲೆಗೆ ಚಪ್ಪಟೆ ಹಾಳೆ ಅಂಟಿಸಿದ. ಪೆಟ್ಟಿಗೆಯಾಗುವ ಗಟ್ಟಿತನ ಬಂದಿದ್ದು ಅಲ್ಲಿಂದ ಮುಂದೆ.

ಆದರೆ ರೈಲು ಕಂಪನಿಗಳು ರಟ್ಟನ್ನು ನಂಬಲಿಲ್ಲ. ಸರಕು ಹೋಗುತ್ತಿದ್ದುದು ಮರದ ಪೆಟ್ಟಿಗೆಯಲ್ಲಿ. ರಟ್ಟಿನಲ್ಲಿ ಕಳಿಸುವವರು ಹೆಚ್ಚು ಬಾಡಿಗೆ ತೆರಬೇಕಿತ್ತು. ಈ ಭೇದ ಸಲ್ಲದೆಂದು ಪ್ರಿಧಮ್ ಎಂಬ ಲಾಸ್ ಏಂಜಲೀಸಿನ ಪೆಟ್ಟಿಗೆ ತಯಾರಕರು ಹೂಡಿದ ದಾವೆಯಲ್ಲಿ 1914ರಲ್ಲಿ ರಟ್ಟಿನ ಪರವಾಗಿ ತೀರ್ಪು ಬಂತು. ರೈಲಿನವರೂ ಸುಮ್ಮನೆ ಬಿಡುವವರಲ್ಲ. ರಟ್ಟು ಇಂತಿಷ್ಟು ಗಟ್ಟಿ ಇರಲೇಬೇಕು ಎಂಬ ಷರತ್ತು ‘ರೂಲ್ 41’ ಎಂಬ ಹೆಸರಲ್ಲಿ ಚಾಲ್ತಿಯಲ್ಲಿತ್ತು. ಆ ಗಟ್ಟಿತನ ಅಳೆಯಲು ಕೈಗೆಟುಕಿದ್ದು 1887ರಲ್ಲಿ ಜಾನ್ ಮಲೆನ್ ಕಾಗದಕ್ಕೆಂದು ರೂಪಿಸಿದ್ದ ಯಂತ್ರ.

ಈ ಯಂತ್ರ ಇವತ್ತಿಗೂ ಹೆಚ್ಚುಕಡಿಮೆ ಹಾಗೇ ಇದೆ. ಎರಡು ಉಂಗುರಗಳ ನಡುವೆ ಕಾಗದವನ್ನು ಬಿಗಿದು, ಕೆಳಗಿನ ರಬ್ಬರ್ ಪೊರೆಗೆ ಗ್ಲಿಸರಿನ್ ಪಂಪ್ ಮಾಡುತ್ತಾರೆ. ಪೊರೆ ಗುಳ್ಳೆಯಂತೆ ಉಬ್ಬಿ ಕಾಗದವನ್ನು ಮೇಲಕ್ಕೆ ದೂಡುತ್ತದೆ. ಟಪ್ ಎಂದು ಹರಿದ ಕ್ಷಣಕ್ಕೆ ಮುಳ್ಳು ತೋರಿಸಿದ್ದೇ ಲೆಕ್ಕ. ಚದರ ಇಂಚಿಗೆ 200 ಪೌಂಡ್ ತಾಳುವ ರಟ್ಟಿದ್ದರೆ ಪೆಟ್ಟಿಗೆಯಲ್ಲಿ ಒಟ್ಟು 65 ಪೌಂಡ್, ಅಂದರೆ ಸುಮಾರು 29 ಕೆ.ಜಿ. ತುಂಬಬಹುದು ಎಂಬಂಥ ಪಟ್ಟಿಗಳು ಬಂದವು. ಪೆಟ್ಟಿಗೆಯನ್ನು ಎಸೆದು, ಎಳೆದು ಸಾಗಿಸುತ್ತಿದ್ದ ಕಾಲ ಅದು. ಹರಿಯುತ್ತದೆಯೋ ಇಲ್ಲವೋ ಎಂಬುದೇ ರೈಲಿನವರ ಚಿಂತೆ. ಅವರ ಮಟ್ಟಿಗೆ ಆ ಪರೀಕ್ಷೆ ತಪ್ಪೇನಲ್ಲ.

ನಮ್ಮಲ್ಲಿ ಅದೇ ಅಳತೆ ಬರ್ಸ್ಟ್ ಫ್ಯಾಕ್ಟರ್ ಆಗಿ, ಬಾಯಲ್ಲಿ ಬಿಎಫ್ ಆಗಿ ನಿಂತಿತು. ಸಿಡಿಯುವ ಒತ್ತಡವನ್ನು 1000ದಿಂದ ಗುಣಿಸಿ ಕಾಗದದ ಜಿಎಸ್‌ಎಂನಿಂದ (ಒಂದು ಚದರ ಮೀಟರ್ ಕಾಗದದ ಗ್ರಾಂ ತೂಕ) ಭಾಗಿಸಿದರೆ ಬಿಎಫ್. 140 ಜಿಎಸ್‌ಎಂ, 18 ಬಿಎಫ್ ಕಾಗದ ಚದರ ಸೆಂಟಿಮೀಟರಿಗೆ ಸುಮಾರು 2.5 ಕೆ.ಜಿ. ಒತ್ತಡಕ್ಕೆ ಸಿಡಿಯುತ್ತದೆ. ಪ್ಲೈ (ರಟ್ಟಿನ ಪದರಗಳ ಸಂಖ್ಯೆ), ಜಿಎಸ್‌ಎಂ, ಬಿಎಫ್ ಮೂರು ಹೇಳಿದರೆ ರೇಟು ಬರುತ್ತದೆ, ವ್ಯಾಪಾರ ಮುಗಿಯುತ್ತದೆ.

ಇಲ್ಲಿ ಗ್ರಾಹಕರಿಗೆ ಕಾಣದ ಒಂದು ಸಂಗತಿ ಇದೆ. ರಟ್ಟಿನ ನಡುವಿನ ಅಲೆಯ ಕಾಗದ, ಅಂದರೆ ಫ್ಲೂಟ್, ಸಿಡಿಯುವ ಪರೀಕ್ಷೆಯಲ್ಲಿ ಹೆಚ್ಚೇನೂ ಕೆಲಸ ಮಾಡುವುದಿಲ್ಲ; ಒತ್ತಡವನ್ನೆಲ್ಲ ತಡೆಯುವುದು ಚಪ್ಪಟೆ ಹಾಳೆಗಳೇ. ಭಾರ ಹೊರುವಾಗ ಹಾಗಲ್ಲ. ಅಲೆ ನೆಟ್ಟಗೆ ನಿಂತು ಹಾಳೆಗಳ ಜತೆ ತಾನೂ ಹೊರಬೇಕು. ಒಳಗೆ ಜೊಳ್ಳು ಕಾಗದ ಹಾಕಿ ಹೊರಗೆ ಒಳ್ಳೇದು ಹಾಕಿದರೆ ಬಿಎಫ್ ಪಾಸಾಗುತ್ತದೆ, ಗೋಡೌನಿನಲ್ಲಿ ಪೆಟ್ಟಿಗೆ ಕುಸಿಯುತ್ತದೆ.

ಎರಡನೇ ಮಹಾಯುದ್ಧದ ನಂತರ ಫೋರ್ಕ್‌ಲಿಫ್ಟು, ಪ್ಯಾಲೆಟ್ಟು ಎಲ್ಲೆಡೆ ಬಂದು ಗೋಡೌನುಗಳಲ್ಲಿ ಅಟ್ಟಿಯ ಎತ್ತರ ಏರಿತು. ಪ್ರಶ್ನೆ ಬದಲಾಯಿತು: ಅಡಿಯ ಪೆಟ್ಟಿಗೆ ಎಷ್ಟು ಹೊರುತ್ತದೆ? ಉತ್ತರಕ್ಕೆ ಪೆಟ್ಟಿಗೆಯನ್ನೇ ಹಿಂಡಬೇಕು. ಖಾಲಿ ಪೆಟ್ಟಿಗೆಗೆ ಅಂಟು ಹಚ್ಚಿ ಮುಚ್ಚಿ, ಎರಡು ಉಕ್ಕಿನ ಹಲಗೆಗಳ ನಡುವೆ ಇಟ್ಟು, ಮೇಲಿನದನ್ನು ನಿಮಿಷಕ್ಕೆ 10ರಿಂದ 13 ಮಿಲಿಮೀಟರಿನಷ್ಟು ನಿಧಾನಕ್ಕೆ ಇಳಿಸುತ್ತಾರೆ. ಮೊದಲು ಮಡಿಕೆಗಳು ಕೂರುತ್ತವೆ. ಆಮೇಲೆ ಪಕ್ಕಗಳ ನಡುಭಾಗ ಬಾಗಿ ಹೊರೆ ಮೂಲೆಗಳಿಗೆ ಜರುಗುತ್ತದೆ. ಒಟ್ಟು ಭಾರದ ಮೂರರಲ್ಲಿ ಎರಡು ಪಾಲು ಹೊರುವುದು ಅವೇ. ಕೊನೆಗೆ ಮೂಲೆಯಿಂದ ಒಳಕ್ಕೆ ಬಿಲ್ಲಿನಂತೊಂದು ನಿರಿಗೆ ಮೂಡುತ್ತದೆ, ಯಂತ್ರದ ಪರದೆಯ ಮೇಲೆ ಹೊರೆ ತೋರಿಸುವ ಗೆರೆ ದಿಢೀರ್ ಇಳಿಯುತ್ತದೆ. ಇಳಿಯುವ ಮುನ್ನ ಮುಟ್ಟಿದ ಎತ್ತರವೇ ಆ ಪೆಟ್ಟಿಗೆಯ ಕಂಪ್ರೆಶನ್ ಸ್ಟ್ರೆಂತ್.

1963ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಕಾಗದ ರಸಾಯನ ಸಂಸ್ಥೆಯ ಮೆಕೀ ಮತ್ತು ಸಂಗಡಿಗರು, ಪೆಟ್ಟಿಗೆ ಮಾಡದೆಯೇ ಇದನ್ನು ಅಂದಾಜಿಸುವ ಸೂತ್ರ ಕೊಟ್ಟರು. ರಟ್ಟಿನ ತುಂಡೊಂದನ್ನು ಅಂಚಿನ ಮೇಲೆ ನಿಲ್ಲಿಸಿ ಒತ್ತಿದಾಗ ಸಿಗುವ ಬಲವೇ ಇಸಿಟಿ (ಎಡ್ಜ್ ಕ್ರಷ್ ಟೆಸ್ಟ್). ಪೆಟ್ಟಿಗೆಯ ಸುತ್ತಳತೆಯನ್ನು ರಟ್ಟಿನ ದಪ್ಪದಿಂದ ಗುಣಿಸಿ ವರ್ಗಮೂಲ ತೆಗೆದು, ಇಸಿಟಿಯಿಂದಲೂ 5.87ರಿಂದಲೂ ಗುಣಿಸಿದರೆ ಮುಗಿಯಿತು. 40 ಸೆಂ.ಮೀ. ಉದ್ದ, 30 ಅಗಲ, 4 ಮಿ.ಮೀ. ದಪ್ಪದ 3 ಪ್ಲೈ ಪೆಟ್ಟಿಗೆ. ಇಸಿಟಿ ಸೆಂಟಿಮೀಟರಿಗೆ 5 ಕೆ.ಜಿ. ಎಂದಿಟ್ಟುಕೊಳ್ಳಿ. ಉತ್ತರ ಸುಮಾರು 220 ಕೆ.ಜಿ. ಅಮೆರಿಕದ ಸಾಗಣೆ ನಿಯಮಗಳು ಬರ್ಸ್ಟ್‌ಗೆ ಬದಲಾಗಿ ಇಸಿಟಿಯನ್ನು ಒಪ್ಪಿದ್ದು ಮಾತ್ರ 1991ರಲ್ಲಿ. ಹಳೇ ಅಳತೆ ಜನರ ಬಾಯಿಂದ ಸುಲಭಕ್ಕೆ ಹೋಗುವುದಿಲ್ಲ. ನಮ್ಮಲ್ಲಿ ಇನ್ನೂ ಹೋಗಿಲ್ಲ.

220 ಕೆ.ಜಿ. ಎಂದರೆ 10 ಕೆ.ಜಿ.ಯ ಪೆಟ್ಟಿಗೆಗಳನ್ನು ಇಪ್ಪತ್ತರ ಎತ್ತರಕ್ಕೆ ಒಟ್ಟಬಹುದು ಅನ್ನಿಸುತ್ತದೆ. ಆದರೆ ಆ ಸಂಖ್ಯೆ 23 ಡಿಗ್ರಿ ಉಷ್ಣತೆ, ಶೇ. 50 ಆರ್ದ್ರತೆಯ ಕೋಣೆಯದು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟಿ ಮಳೆ ಸುರಿಯುತ್ತದೆ. ಆಷಾಢದಲ್ಲಿ ಮಲೆನಾಡಿನ ಮನೆಯೊಳಗೆ ಬೆಂಕಿಪೊಟ್ಟಣವೇ ಹತ್ತುವುದಿಲ್ಲ. ಪ್ಯಾಕಿಂಗ್ ಉದ್ಯಮ ಬಳಸುವ ಕೋಷ್ಟಕದ ಪ್ರಕಾರ ಆರ್ದ್ರತೆ ಶೇ. 90 ಆದರೆ ರಟ್ಟಿನ ಬಲದಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗುತ್ತದೆ: 220 ಇದ್ದದ್ದು 105ಕ್ಕೆ ಬಂತು. ಹೊರೆ ಹೊತ್ತು ತಿಂಗಳು ನಿಂತರೆ ಮತ್ತೆ ಶೇ. 40 ಖೋತಾ, ಉಳಿದದ್ದು 63. ಇಟ್ಟಿಗೆ ಕಟ್ಟಿದಂತೆ ಅಡ್ಡಡ್ಡ ಒಟ್ಟಿದರೆ ಮೂಲೆಯ ಮೇಲೆ ಮೂಲೆ ಕೂರದೆ ಅದರಲ್ಲೂ ಅರ್ಧ ಕರಗುತ್ತದೆ. ಕೊನೆಗೆ ಆ ಪೆಟ್ಟಿಗೆ ಹೊರುವುದು 30 ಕೆ.ಜಿ. ಚಿಲ್ಲರೆ: ಮೇಲೆ ಮೂರೇ ಪೆಟ್ಟಿಗೆ.

ಗಾಜಿನ ಬಾಟಲಿಯೋ ತಗಡಿನ ಡಬ್ಬಿಯೋ ಒಳಗಿದ್ದರೆ ಅವೂ ಹೊರೆಗೆ ಹೆಗಲು ಕೊಡುತ್ತವೆ. ಪೊಟ್ಟಣ, ಹಪ್ಪಳಗಳಿಂದ ಆ ಉಪಕಾರ ಇಲ್ಲ. ಪದರಗಳನ್ನು ಅಂಟಿಸುವ ಗಂಜಿಯ ಗೋಂದೂ ಥಂಡಿಗೆ ಸಡಿಲಾಗುತ್ತದೆ, ಬೂಷ್ಟು ಬೇರೆ. ಕಾಗದದ ಮೂಲವೂ ಲೆಕ್ಕಕ್ಕೆ ಬರುತ್ತದೆ. ಭದ್ರಾವತಿಯ ಎಂಪಿಎಂ (ಮೈಸೂರು ಪೇಪರ್ ಮಿಲ್ಸ್) ನಡೆಯುತ್ತಿದ್ದಾಗಲೂ ಹೆಸರು ಮಾಡಿದ್ದು ಸುದ್ದಿ ಕಾಗದಕ್ಕೆ, ಪೆಟ್ಟಿಗೆಯ ಕಾಗದಕ್ಕಲ್ಲ. ಪೆಟ್ಟಿಗೆಗೆ ಬಳಸುವ ನಮ್ಮ ದೇಶದ ಕ್ರಾಫ್ಟ್ ಕಾಗದದ ಬಹುಪಾಲು ರದ್ದಿಯಿಂದಲೇ ಆಗುವಂಥದ್ದು. ಪ್ರತಿ ಸಲ ಅರೆದಾಗಲೂ ನಾರು ಗಿಡ್ಡವಾಗಿ ಬಲ ಕುಗ್ಗುತ್ತದೆ.

ಹಾಗಾಗಿ ಆರ್ಡರ್ ಕೊಡುವಾಗ ಬಿಎಫ್ ಜತೆಗೆ ಪೆಟ್ಟಿಗೆಯ ಕಂಪ್ರೆಶನ್ ಎಷ್ಟು, ಯಾವ ಆರ್ದ್ರತೆಯಲ್ಲಿ ಅಳೆದದ್ದು ಎಂದು ಬರೆಸಿಕೊಳ್ಳುವುದು ಮೇಲು. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, ಅಂದರೆ ಸಿಎಫ್‌ಟಿಆರ್‌ಐನಲ್ಲಿ ಪ್ಯಾಕೇಜಿಂಗ್ ವಿಭಾಗವೇ ಇದೆ. ಗೋಡೌನಿನಲ್ಲಿ ಪೆಟ್ಟಿಗೆಯನ್ನು ನೆಲಕ್ಕೆ ತಾಗಿಸದೆ ಹಲಗೆಯ ಮೇಲಿಟ್ಟರೂ ನೆಲದ ಥಂಡಿ ತಪ್ಪುತ್ತದೆ. ಮೂಲೆಗೆ ಮೂಲೆ ಕೂಡಿಸಿ ಒಟ್ಟಿ ಎಂದರೆ ಹಮಾಲರು ಒಪ್ಪುವುದು ಕಷ್ಟ. ಕರಾವಳಿ ಕಡೆಗೆ ಮಾಲು ಹೋಗುವಾಗ ಹುಲಿಕಲ್ ಘಾಟಿಯ ತಿರುವಿನಲ್ಲಿ ಆ ಅಟ್ಟಿ ಮಗುಚುತ್ತದೆ ಎಂಬ ಅವರ ಭಯ ಸುಳ್ಳಲ್ಲ. ಅದಕ್ಕೆ ಕೆಳಗಿನ ಸಾಲುಗಳನ್ನೆಲ್ಲ ನೇರಕ್ಕೆ ಒಟ್ಟಿಸಿ, ಹೊರೆ ಕಡಿಮೆ ಇರುವ ತುದಿಯ ಒಂದು ಸಾಲನ್ನು ಮಾತ್ರ ಅಡ್ಡ ಹಾಕಿಸಿ, ಹಗ್ಗ ಬಿಗಿಯುವ ಕಡೆ ಮೂಲೆಗಳಿಗೆ ದಪ್ಪ ರಟ್ಟಿನ ಪಟ್ಟಿ ಕೊಟ್ಟರೆ ಎರಡೂ ಕಡೆಯವರ ಮಾತು ನಡೆಯುತ್ತದೆ.