ಗುರಿ ತಪ್ಪಿದ ಗುಂಡಿನ ಸಾಕ್ಷ್ಯ

2024ರ ಮೇ 19ರಂದು ಇರಾನಿನ ಅಧ್ಯಕ್ಷ ಇಬ್ರಾಹಿಂ ರೈಸಿ ಪ್ರಯಾಣಿಸುತ್ತಿದ್ದ ಹೆಲಿಕಾಪ್ಟರ್ ಆ ದೇಶದ ವಾಯವ್ಯ ಭಾಗದ ಬೆಟ್ಟಗಳಲ್ಲಿ ಬಿದ್ದಿತು. ಮರುದಿನ ಬೆಳಿಗ್ಗೆ ಅವಶೇಷಗಳು ಸಿಕ್ಕವು. ರಾಯಚೂರಿನ ತೀನ್ ಕಂದೀಲ್ ಸುತ್ತಲಿನ ಚಹಾದಂಗಡಿಗಳಲ್ಲಿ ಅಷ್ಟು ಹೊತ್ತಿಗಾಗಲೇ ತನಿಖೆ ಮುಗಿದು ತೀರ್ಪೂ ಹೊರಬಿದ್ದಿತ್ತು: ಇದು ಇಸ್ರೇಲಿನ ಕೈವಾಡ. ನಮ್ಮಲ್ಲಿ ಲೋಕಸಭೆಯ ಮತದಾನ ಆಗಷ್ಟೇ ಮುಗಿದಿತ್ತು, ಮಾತಿಗೆ ಹೊಸ ವಿಷಯ ಬೇಕಿತ್ತು ಎನ್ನುವುದೂ ನಿಜ. ಆದರೆ ಆ ತೀರ್ಪಿನ ಹಿಂದೆ ತರ್ಕವಿರಲಿಲ್ಲ ಎನ್ನುವಂತಿಲ್ಲ. ಏಪ್ರಿಲ್ 1ರಂದು ಡಮಾಸ್ಕಸ್‌ನ ಇರಾನಿ ದೂತಾವಾಸದ ಕಟ್ಟಡದ ಮೇಲೆ ದಾಳಿಯಾಗಿ ಸೇನಾಧಿಕಾರಿಗಳು ಸತ್ತಿದ್ದರು. ಏಪ್ರಿಲ್ 13ರ ರಾತ್ರಿ ಇರಾನ್ ನೂರಾರು ಡ್ರೋನ್ ಮತ್ತು ಕ್ಷಿಪಣಿಗಳನ್ನು ಇಸ್ರೇಲಿನತ್ತ ಹಾರಿಸಿತ್ತು. ಮುಯ್ಯಿಗೆ ಮುಯ್ಯಿ. ಮುಂದಿನ ಸರದಿ ಯಾರದ್ದು ಎಂದು ಲೆಕ್ಕ ಹಾಕುವುದು ಕಷ್ಟವೇ?

ಸೆಪ್ಟೆಂಬರ್‌ನಲ್ಲಿ ಇರಾನಿನ ಸೇನಾ ಮುಖ್ಯಾಲಯ ಅಂತಿಮ ವರದಿ ಕೊಟ್ಟಿತು. ಕಾರಣ, ದಟ್ಟವಾದ ಮಂಜು. ಇಸ್ರೇಲಿನ ಮೇಲೆ ಆರೋಪ ಹೊರಿಸಲು ಲೋಕದಲ್ಲಿ ಎಲ್ಲರಿಗಿಂತ ಹೆಚ್ಚು ಕಾರಣವಿದ್ದ ಸರ್ಕಾರವೇ ಮಂಜಿನ ಕಡೆ ಬೆರಳು ತೋರಿಸಿತು. ಚಹಾದಂಗಡಿ ಮಾತ್ರ ತನ್ನ ತೀರ್ಪನ್ನು ಹಿಂಪಡೆಯಲಿಲ್ಲ.

ನಮ್ಮ ಮನಸ್ಸು ಮಂಜನ್ನು ಒಪ್ಪದೆ ಶತ್ರುವನ್ನು ಹುಡುಕುವುದೇಕೆ? 1979ರಲ್ಲಿ ಕ್ಲಾರ್ಕ್ ಮೆಕಾಲೆ ಮತ್ತು ಸೂಸನ್ ಜಾಕ್ಸ್ ಎಂಬ ಅಮೆರಿಕದ ಸಂಶೋಧಕರು ಒಂದು ಸರಳ ಅಧ್ಯಯನ ಮಾಡಿದರು. ಅಧ್ಯಕ್ಷರ ಮೇಲೆ ಗುಂಡು ಹಾರಿದೆ. ಒಂದು ಕಥೆಯಲ್ಲಿ ಅವರು ಸಾಯುತ್ತಾರೆ, ಇನ್ನೊಂದರಲ್ಲಿ ಗುಂಡು ಗುರಿ ತಪ್ಪುತ್ತದೆ. ಇದರ ಹಿಂದೆ ಸಂಚಿದೆಯೇ ಎಂದು ವಿದ್ಯಾರ್ಥಿಗಳನ್ನು ಕೇಳಿದಾಗ, ಅಧ್ಯಕ್ಷರು ಸತ್ತ ಕಥೆಯಲ್ಲಿಯೇ ಸಂಚಿನ ಅನುಮಾನ ಬಲವಾಗಿತ್ತು. ಗುಂಡು ಹಾರಿಸಿದವನ ಬಗ್ಗೆ ಹೆಚ್ಚಿನದೇನೂ ಗೊತ್ತಿಲ್ಲದಿದ್ದರೂ ಗುಂಡು ಹೋಗಿ ಬಿದ್ದ ಜಾಗವೇ ಅವನ ಹಿಂದೆ ಎಷ್ಟು ಜನರಿದ್ದರು ಎಂಬುದನ್ನು ತೀರ್ಮಾನಿಸಿತು. 2007ರಲ್ಲಿ ಪ್ಯಾಟ್ರಿಕ್ ಲೆಮನ್ ಮತ್ತು ಮಾರ್ಕೊ ಸಿನಿರೆಲ್ಲಾ ನಡೆಸಿದ ಪ್ರಯೋಗವೂ ಇದೇ ದಿಕ್ಕನ್ನು ತೋರಿಸಿತು. ದೊಡ್ಡ ಪರಿಣಾಮಕ್ಕೆ ದೊಡ್ಡ ಕಾರಣವೇ ಇರಬೇಕು ಎಂದು ಮನಸ್ಸು ಹಟ ಹಿಡಿಯುತ್ತದೆ.

ಇದು ಪೂರ್ತಿ ಮೂರ್ಖತನವಲ್ಲ. ಒಬ್ಬಂಟಿಗಿಂತ ಹತ್ತು ಜನ ಸೇರಿ ಹೂಡಿದ ಸಂಚು ಗುರಿ ಮುಟ್ಟುವ ಸಾಧ್ಯತೆ ಹೆಚ್ಚು ಎಂದು ನಂಬುವವನು, ಗುರಿ ಮುಟ್ಟಿದ್ದನ್ನು ಕಂಡ ಮೇಲೆ ಸಂಚನ್ನು ಶಂಕಿಸುವುದು ಸಂಭವನೀಯತೆಯ ಗಣಿತಕ್ಕೆ ಹೊಂದುತ್ತದೆ. ಮೆಕಾಲೆ ಮತ್ತು ಜಾಕ್ಸ್ ಅವರ ವಾದವೂ ಅದೇ. ಎಡವಟ್ಟಾಗುವುದು ಕಾಲದ ಲೆಕ್ಕದಲ್ಲಿ. ಬಲಾಢ್ಯ ದೇಶದ ನಾಯಕನಿಗೆ ಶತ್ರುಗಳಿಲ್ಲದ ತಿಂಗಳೇ ಇರುವುದಿಲ್ಲ. ಅವನು ಯಾವ ದಿನ ಸತ್ತರೂ ಅದರ ಹಿಂದಿನ ವಾರಗಳಲ್ಲಿ ಯಾವುದೋ ಜಗಳ, ಯಾವುದೋ ಬೆದರಿಕೆ ಸಿಕ್ಕೇ ಸಿಗುತ್ತದೆ. ಕೊಂಬೆ ಮುರಿಯಿತು, ಕಾಗೆ ಕೂತಿತ್ತು ನಿಜ. ಆದರೆ ಆ ಮರದ ಮೇಲೆ ಕಾಗೆ ಕೂರದ ದಿನ ಯಾವುದಿತ್ತು?

ಹಾಗೆಂದು ಕಾಗೆಗಳೆಲ್ಲ ನಿರಪರಾಧಿಗಳಲ್ಲ. 1975ರಲ್ಲಿ ಅಮೆರಿಕದ ಸೆನೆಟ್‌ನ ಸೆನೆಟರ್ ಫ್ರಾಂಕ್ ಚರ್ಚ್ ನೇತೃತ್ವದ ಸಮಿತಿ, ಕ್ಯೂಬಾದ ಫಿಡೆಲ್ ಕ್ಯಾಸ್ಟ್ರೊನನ್ನು ಕೊಲ್ಲಲು 1960ರಿಂದ 1965ರ ನಡುವೆ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಕೈಹಾಕಿದ್ದ ಕನಿಷ್ಠ ಎಂಟು ಸಂಚುಗಳಿಗೆ ಪುರಾವೆ ಸಿಕ್ಕಿದೆ ಎಂದು ವರದಿ ಕೊಟ್ಟಿತು. ವಿಷದ ಮಾತ್ರೆ, ಮಾಫಿಯಾ ಸಹಾಯ, ಎಲ್ಲವೂ ಅದರಲ್ಲಿತ್ತು. 1963ರ ಸೆಪ್ಟೆಂಬರ್‌ನಲ್ಲಿ ಕ್ಯಾಸ್ಟ್ರೊ ಒಬ್ಬ ಪತ್ರಕರ್ತನೆದುರು, ಕ್ಯೂಬಾದ ನಾಯಕರನ್ನು ಮುಗಿಸುವ ಯೋಜನೆಗೆ ನೆರವಾದರೆ ಅಮೆರಿಕದ ನಾಯಕರೂ ಸುರಕ್ಷಿತರಲ್ಲ ಎಂದು ಎಚ್ಚರಿಸಿದ್ದ. ನವೆಂಬರ್ 22ರಂದು ಡಲ್ಲಾಸ್‌ನಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿ ಕೊಲೆಯಾದ ದಿನವೇ, ಪ್ಯಾರಿಸ್‌ನಲ್ಲಿ ಸಿಐಎ ಅಧಿಕಾರಿಯೊಬ್ಬ ಕ್ಯೂಬಾದ ರೊಲಾಂಡೊ ಕುಬೇಲಾ ಎಂಬಾತನಿಗೆ, ಕ್ಯಾಸ್ಟ್ರೊನನ್ನು ಕೊಲ್ಲಲೆಂದು, ಸೂಜಿ ಅಡಗಿಸಿದ್ದ ಪೆನ್ನನ್ನು ತೋರಿಸಿ ಕೊಡುತ್ತಿದ್ದ. ಅದರಲ್ಲಿ ತುಂಬಲು ಸೂಚಿಸಿದ್ದು ಅಂಗಡಿಯಲ್ಲಿ ಸಿಗುತ್ತಿದ್ದ, ನಿಕೋಟಿನ್ ಇರುವ ಕೀಟನಾಶಕ. ಹತ್ತಿ ಹೊಲದಲ್ಲಿ ಎಣ್ಣೆ ಹೊಡೆಯುವ ನಮ್ಮ ರೈತರಿಗೆ ಇಂಥ ದ್ರವದ ಸ್ವಭಾವವನ್ನು ಬಿಡಿಸಿ ಹೇಳಬೇಕಿಲ್ಲ.

ಇಷ್ಟೆಲ್ಲ ತಿಳಿದ ಮೇಲೆ ಕ್ಯಾಸ್ಟ್ರೊ ಸೇಡು ತೀರಿಸಿಕೊಂಡ ಎಂದು ಯಾರಿಗಾದರೂ ಅನ್ನಿಸಬಹುದು. ಕೆನಡಿಯ ನಂತರ ಅಧ್ಯಕ್ಷನಾದ ಲಿಂಡನ್ ಜಾನ್ಸನ್‌ಗೇ ಹಾಗನ್ನಿಸಿತ್ತು. ಕೆನಡಿ ಕೊಲೆಯ ತನಿಖೆ ನಡೆಸಿ, ಇದು ಒಬ್ಬನದೇ ಕೃತ್ಯ ಎಂದು 1964ರಲ್ಲಿ ವರದಿ ಕೊಟ್ಟ ವಾರೆನ್ ಆಯೋಗಕ್ಕೆ ಈ ಸಂಚುಗಳ ಸುದ್ದಿಯನ್ನೇ ಸಿಐಎ ತಿಳಿಸಿರಲಿಲ್ಲ. ನನ್ನ ಮಟ್ಟಿಗೆ, ಆರು ದಶಕಗಳ ವದಂತಿಗೆ ಈ ಮುಚ್ಚಿಡುವಿಕೆಯ ಪಾಲು ಮನಶ್ಶಾಸ್ತ್ರದ ಪಾಲಿಗಿಂತ ಕಡಿಮೆಯಲ್ಲ.

1979ರಲ್ಲಿ ಸಂಸತ್ತಿನ ಇನ್ನೊಂದು ಸಮಿತಿ ಕ್ಯೂಬಾ ಸರ್ಕಾರದ ಕೈ ಕೆನಡಿ ಕೊಲೆಯಲ್ಲಿಲ್ಲ ಎಂದಿತು. ಆದರೆ ‘ಬಹುಶಃ ಸಂಚು ಇತ್ತು’ ಎಂದೂ ಸೇರಿಸಿತು. ಆಧಾರ, ಪೊಲೀಸ್ ರೇಡಿಯೊದ ಧ್ವನಿಮುದ್ರಣ. ಮೈಕ್ ಚಾಲೂ ಆಗಿಯೇ ಉಳಿದಿದ್ದ ಒಂದು ಮೋಟಾರ್ ಸೈಕಲ್ ಗುಂಡಿನ ಸದ್ದುಗಳನ್ನು ಹಿಡಿದಿದೆ, ಆ ಸದ್ದುಗಳಲ್ಲಿ ಒಂದು ಎದುರಿನ ಹುಲ್ಲುದಿಬ್ಬದಿಂದ ಬಂದಿದೆ, ಅಂದರೆ ಎರಡನೆಯ ಬಂದೂಕುಗಾರನಿದ್ದ ಎಂಬುದು ಧ್ವನಿತಜ್ಞರ ವಾದ. ಅವರು ಕೊಟ್ಟ ಸಂಭವನೀಯತೆ ಶೇ. 95ಕ್ಕಿಂತ ಹೆಚ್ಚು.

ಅದೇ ಧ್ವನಿಮುದ್ರಣದ ಪ್ರತಿ ಒಂದು ಪತ್ರಿಕೆಯೊಂದಿಗೆ ತೆಳು ಪ್ಲಾಸ್ಟಿಕ್ ತಟ್ಟೆಯಾಗಿ ಬಂತು. ಒಹಾಯೊ ರಾಜ್ಯದ ಒಬ್ಬ ಡ್ರಮ್ ವಾದಕ ಅದನ್ನು ಮತ್ತೆ ಮತ್ತೆ ಕೇಳಿದ. ತಜ್ಞರು ಗುಂಡು ಎಂದ ಜಾಗದಲ್ಲೇ ಮಂಕಾದ ಒಂದು ಮನುಷ್ಯಧ್ವನಿ ಅವನ ಕಿವಿಗೆ ಬಿತ್ತು. ಅದು ಇನ್ನೊಂದು ರೇಡಿಯೊ ಚಾನೆಲ್‌ನಿಂದ ಸೋರಿಬಂದ ಶೆರಿಫ್‌ನ ಆದೇಶ. ಶೆರಿಫ್ ಆ ಮಾತು ಆಡಿದ್ದು ಗುಂಡು ಹಾರಿದ ಸುಮಾರು ಒಂದು ನಿಮಿಷದ ನಂತರ. 1982ರಲ್ಲಿ ಭೌತವಿಜ್ಞಾನಿ ನಾರ್ಮನ್ ರಾಮ್ಸೆ ನೇತೃತ್ವದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಸಮಿತಿ ಇದನ್ನು ಪರಿಶೀಲಿಸಿ, ಆ ಸದ್ದುಗಳು ಕೊಲೆಯ ಗುಂಡುಗಳಲ್ಲ ಎಂದಿತು. ಇದರ ಸುತ್ತ ವಾದಗಳು ನಂತರವೂ ನಡೆದವು. ಆದರೂ ಪದವಿ ಪಡೆದವರ ಶೇ. 95ನ್ನು ಡ್ರಮ್ ಬಾರಿಸುವವನ ಕಿವಿ ಅಲುಗಾಡಿಸಿದ್ದು ನನಗೆ ತುಂಬ ಇಷ್ಟವಾದ ಸಂಗತಿ.

ಇನ್ನು, ಶತ್ರುವಿನ ನಾಯಕನನ್ನು ಮುಗಿಸಿದರೆ ನಿಜವಾಗಿ ಏನಾದರೂ ಬದಲಾಗುತ್ತದೆಯೇ? ಅರ್ಥಶಾಸ್ತ್ರಜ್ಞರಾದ ಬೆಂಜಮಿನ್ ಜೋನ್ಸ್ ಮತ್ತು ಬೆಂಜಮಿನ್ ಓಲ್ಕನ್ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಗುರಿ ತಪ್ಪಿದ ಗುಂಡುಗಳೇ ಅಳತೆಗೋಲಾದವು. 1875ರಿಂದ 2004ರವರೆಗೆ ದೇಶಗಳ ನಾಯಕರ ಮೇಲೆ ನಡೆದ 298 ಗಂಭೀರ ಪ್ರಯತ್ನಗಳನ್ನು ಅವರು ಪಟ್ಟಿ ಮಾಡಿದರು. ಸತ್ತವರು 59 ಜನ. ಬಂದೂಕು ಎತ್ತಿದ ಮೇಲೆ ಗುಂಡು ತಗಲುವುದೂ ತಪ್ಪುವುದೂ ಬಹುಮಟ್ಟಿಗೆ ಅದೃಷ್ಟದ ಆಟವಾದ್ದರಿಂದ, ಸತ್ತವರ ದೇಶಗಳನ್ನು ಬದುಕುಳಿದವರ ದೇಶಗಳೊಂದಿಗೆ ಹೋಲಿಸಬಹುದು. ಸರ್ವಾಧಿಕಾರಿ ಸತ್ತ ಕಡೆ ಪ್ರಜಾಪ್ರಭುತ್ವದತ್ತ ಹೊರಳುವ ಸಾಧ್ಯತೆ 13 ಶೇಕಡಾ ಅಂಶಗಳಷ್ಟು ಹೆಚ್ಚಿತ್ತು. ಪ್ರಜಾಪ್ರಭುತ್ವದ ನಾಯಕ ಸತ್ತ ಕಡೆ ವ್ಯವಸ್ಥೆ ಅಲುಗಲಿಲ್ಲ.

1939ರ ನವೆಂಬರ್ 8ರಂದು ಮ್ಯೂನಿಕ್‌ನಲ್ಲಿ ಹಿಟ್ಲರ್ ಬದುಕಿದ್ದೂ ಮಂಜಿನಿಂದಲೇ. ವಿಮಾನ ಹಾರುವಂತಿರಲಿಲ್ಲ, ರೈಲು ಹಿಡಿಯಲು ಬೇಗ ಹೊರಟ. 13 ನಿಮಿಷಗಳ ನಂತರ ಸಭಾಂಗಣದಲ್ಲಿ ಬಾಂಬ್ ಸಿಡಿಯಿತು. ಅದನ್ನಿಟ್ಟವನು ಗೇಯೋರ್ಗ್ ಎಲ್ಸರ್ ಎಂಬ ಬಡಗಿ, ಒಬ್ಬಂಟಿ. ನಾಜಿಗಳು ಬ್ರಿಟಿಷ್ ಗುಪ್ತಚರರೇ ಸೂತ್ರಧಾರರು ಎಂದು ಸಾರಿದರು. ಮರುದಿನವೇ ಡಚ್ ಗಡಿಯಲ್ಲಿ ಇಬ್ಬರು ಬ್ರಿಟಿಷ್ ಅಧಿಕಾರಿಗಳನ್ನು ಅಪಹರಿಸಿದ್ದರು. ಗುರಿ ತಪ್ಪಿದರೂ ಇಲ್ಲಿ ಕಥೆ ಹುಟ್ಟಿತು. ಗುರಿಯಾದವನಿಗೆ ತನ್ನನ್ನು ಕೊಲ್ಲಲು ಒಬ್ಬ ಬಡಗಿ ಸಾಕು ಎಂಬುದು ರುಚಿಸುವುದಿಲ್ಲವೇನೋ.

ಕೃಷ್ಣಾ ತುಂಗಭದ್ರೆಗಳ ನಡುವಿನ ನಮ್ಮ ದೋಆಬಿನಲ್ಲಿ ಇಂಥ ಕಥೆಗಳಿಗೆ ಬರವಿಲ್ಲ. 1398ರ ಸುಮಾರಿಗೆ ನಮ್ಮ ದಡದಲ್ಲಿ ವಿಜಯನಗರದ ಪಾಳೆಯ, ತುಂಬಿದ ಕೃಷ್ಣೆಯ ಆಚೆ ಫಿರೋಜ್ ಶಾಹ ಬಹಮನಿಯ ಸೈನ್ಯ. ಕಾಜಿ ಸಿರಾಜ್ ಎಂಬಾತ ವೇಷ ಮರೆಸಿ ನದಿ ದಾಟಿ, ಪಾಳೆಯದ ಕುಣಿತದ ಮೇಳದೊಳಗೆ ಸೇರಿ, ಕಠಾರಿಯಾಟದ ನೆಪದಲ್ಲಿ ಅರಸನ ಮಗನನ್ನು ಕೊಂದ ಎಂದು ಇತಿಹಾಸಕಾರ ಫೆರಿಶ್ತಾ ಬರೆಯುತ್ತಾನೆ. ಆತ ಬರೆದದ್ದು ಸುಮಾರು 200 ವರ್ಷಗಳ ನಂತರ, ವಿಜಾಪುರದ ಆಸ್ಥಾನದಲ್ಲಿ ಕುಳಿತು. ತೀನ್ ಕಂದೀಲ್‌ನ ಚಹಾದಂಗಡಿಗಿಂತ ಎಷ್ಟು ಹೆಚ್ಚು ನಂಬಬೇಕೋ ಓದುಗರೇ ಹೇಳಬೇಕು.

1565ರ ಜನವರಿಯಲ್ಲಿ ರಕ್ಕಸಗಿ ತಂಗಡಗಿ ಕದನದಲ್ಲಿ ಸೆರೆಸಿಕ್ಕ ವಿಜಯನಗರದ ರಾಮರಾಯನ ತಲೆಯನ್ನು ಅಹಮದ್‌ನಗರದ ಹುಸೇನ್ ನಿಜಾಮ್ ಶಾಹ ಕತ್ತರಿಸಿ ಈಟಿಯ ತುದಿಗೇರಿಸಿದ. ಅದನ್ನು ಕಂಡು ಸೈನ್ಯ ಚದುರಿತು. ಅದೇ ವರ್ಷದ ಜೂನ್ ತಿಂಗಳಲ್ಲಿ ನಿಜಾಮ್ ಶಾಹನೂ ತನ್ನ ರಾಜಧಾನಿಯಲ್ಲಿ ತೀರಿಕೊಂಡ. ಐದು ತಿಂಗಳೂ ತುಂಬಿರಲಿಲ್ಲ. ಟಿವಿ ಇದ್ದಿದ್ದರೆ ವಾರಗಟ್ಟಲೆ ಚರ್ಚೆ ನಡೆಯುತ್ತಿತ್ತು. ಆ ಯುದ್ಧದಿಂದ ರಾಯಚೂರು, ಮುದಗಲ್ಲುಗಳನ್ನು ಗಳಿಸಿದ ವಿಜಾಪುರದ ಅಲಿ ಆದಿಲ್ ಶಾಹ ಮಾತ್ರ 1580ರಲ್ಲಿ ನಿಜವಾಗಿಯೂ ಕೊಲೆಯಾದ. ಕೊಂದವನು ಸೋತ ವಿಜಯನಗರದವರ ಹೊಸ ರಾಜಧಾನಿ ಪೆನುಕೊಂಡೆಯ ಗೂಢಚಾರನಲ್ಲ, ಅವನದೇ ಅರಮನೆಯ ಸೇವಕ.